ಡುಬ್ರೊವ್ನಿಕ್ ಬಂದರದ ಕಟ್ಟುಪಾಡು

ಏಡ್ರಿಯಾಟಿಕ್ ಸಮುದ್ರದ ಪೂರ್ವತೀರದಲ್ಲಿರುವ ಡುಬ್ರೊವ್ನಿಕ್ ಬಹಳ ಚಿಕ್ಕ ಪಟ್ಟಣ. ಅದರ ಕೋಟೆಗೋಡೆಯ ಸುತ್ತಳತೆ ಎರಡು ಕಿಲೋಮೀಟರಿಗೂ ಕಡಿಮೆ. ಒಂದೇ ಹೊತ್ತಿನಲ್ಲಿ ಎರಡಕ್ಕಿಂತ ಹೆಚ್ಚು ದೊಡ್ಡ ವಿಹಾರನೌಕೆಗಳು ಅಲ್ಲಿಗೆ ಬರಕೂಡದೆಂಬ ಕಟ್ಟುಪಾಡು 2019ರಿಂದ ಜಾರಿಯಲ್ಲಿದೆ. ಇದನ್ನು ಅತಿಥಿದ್ರೋಹವೆಂದು ಬಗೆಯುವವರು ಆ ಊರಿನ ಚರಿತ್ರೆಯನ್ನು ಒಮ್ಮೆ ನೋಡುವುದು ಲೇಸು.

ರಗೂಸಾ ಎಂಬ ಹೆಸರಿನಿಂದ ಅದು ಶತಮಾನಗಳ ಕಾಲ ಗಣರಾಜ್ಯವಾಗಿದ್ದಿತು. ಅಧಿಕಾರವೆಲ್ಲ ಕುಲೀನರ ಕೈಯಲ್ಲಿಯೇ ಇದ್ದುದು ನಿಜ. ಆದರೂ ಅಧ್ಯಕ್ಷನ ಅವಧಿಯನ್ನು ಒಂದೇ ತಿಂಗಳಿಗೆ ಮಿತಗೊಳಿಸಿದ, 1416ರಷ್ಟು ಹಿಂದೆಯೇ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ ಆ ಜನರ ವಿವೇಕವು ಸಾಮಾನ್ಯವಾದುದಲ್ಲ. 1377ರಲ್ಲಿ ಅವರು, ಪ್ಲೇಗಿನ ಸೀಮೆಗಳಿಂದ ಬಂದವರು ಮೂವತ್ತು ದಿನ ಹೊರಗೆ ನಿಂತ ಮೇಲೆಯೇ ಊರನ್ನು ಹೊಗತಕ್ಕದ್ದೆಂದು ಶಾಸನ ಮಾಡಿದರು. ಹಡಗಿನ ವ್ಯಾಪಾರದಿಂದಲೇ ಹೊಟ್ಟೆ ಹೊರೆಯುತ್ತಿದ್ದ ಊರು ಹಡಗನ್ನೇ ತಡೆದು ನಿಲ್ಲಿಸಿತು! ಇದರಿಂದ ವ್ಯಾಪಾರವೇನೂ ಮುಳುಗಲಿಲ್ಲ. 1808ರಲ್ಲಿ ನೆಪೋಲಿಯನ್ನನ ಸೇನಾನಿಯು ರದ್ದುಪಡಿಸುವವರೆಗೂ ಆ ಗಣರಾಜ್ಯವು ಬಾಳಿತು.

ಇಂದಿನ ಯಾತ್ರಿಕನು ಪ್ಲೇಗನ್ನು ತರುವವನಲ್ಲ, ಅತಿಥಿಯೇ ಸರಿ. ಆದರೆ ನೌಕೆಯಿಂದ ಬಂದವನು ಗ್ರೂಜ್ ಬಂದರದಲ್ಲಿ ಇಳಿದು, ಬಸ್ಸಿನಲ್ಲಿ ಕೋಟೆಯ ಬಾಗಿಲಿಗೆ ಬಂದು, ಕೆಲವು ಗಂಟೆ ತಿರುಗಾಡಿ, ಉಣ್ಣುವುದಕ್ಕೂ ಮಲಗುವುದಕ್ಕೂ ನೌಕೆಗೇ ಹಿಂದಿರುಗುತ್ತಾನೆ. ಊರಿಗೆ ದಕ್ಕುವುದು ನೂಕುನುಗ್ಗಲು; ಹಣದ ದೊಡ್ಡ ಪಾಲು ಕಂಪನಿಯದು. ಮುನ್ನೂರು ಮೀಟರು ಉದ್ದದ ಒಂದು ರಾಜಬೀದಿ ಇಂತಹ ಎಷ್ಟು ಸಾವಿರ ಜನರನ್ನು ತಾಳೀತು?

ಯುನೆಸ್ಕೋ ಸಂಸ್ಥೆಯು 1979ರಲ್ಲಿಯೇ ಈ ಪಟ್ಟಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಿತು. ಆ ಗೌರವವೂ 1991ರ ಡಿಸೆಂಬರ್ 6ರಂದು ಯುಗೋಸ್ಲಾವ್ ಸೈನ್ಯದ ತೋಪುಗಳನ್ನು ತಡೆಯಲಿಲ್ಲ. ಮನೆಗಳ ಮಾಡು ಒಡೆಯಿತು. ಪೌರರು ಹೊಸ ಹೆಂಚು ಹೊದಿಸಿ ಅಲ್ಲಿಯೇ ಬಾಳಿದರು. ಆಗ ಕೋಟೆಯೊಳಗೆ ಸುಮಾರು 5,000 ಜನರಿದ್ದರು. ಇಂದು 2,000 ಮಂದಿಯೂ ಇಲ್ಲ. ತೋಪುಗಳಿಂದ ಆಗದ ಕೆಲಸವನ್ನು ಬಾಡಿಗೆಯ ಆಸೆಯು ಸದ್ದಿಲ್ಲದೆ ಮಾಡಿದೆ.

ನೌಕೆಗಳೊಂದೇ ಇದಕ್ಕೆ ಕಾರಣವೆನ್ನುವುದು ನ್ಯಾಯವಲ್ಲ. ಪಿತ್ರಾರ್ಜಿತ ಮನೆಯನ್ನು ಯಾತ್ರಿಕರಿಗೆ ಬಿಟ್ಟುಕೊಟ್ಟು ಹೊರಬಡಾವಣೆ ಸೇರಿದವರು ಊರವರೇ ಅಲ್ಲವೆ? ಆದುದರಿಂದ ನೌಕೆಗಳನ್ನು ಎಣಿಸಿದರೆ ಸಾಲದು. ಕೋಟೆಯೊಳಗಿನ ಮನೆಗಳ ಬಾಡಿಗೆಯ ಮೇಲೆಯೂ ಪೌರಸಭೆಯ ಹಿಡಿತವು ಅಷ್ಟೇ ಬಿಗಿಯಾಗಿರಬೇಕು. ನೌಕಾ ಕಂಪನಿಗಳಾದರೋ, ಬಂದ ನೌಕೆಯನ್ನು ರಾತ್ರಿಯೂಟದ ಹೊತ್ತು ಕಳೆಯುವವರೆಗಾದರೂ ಬಂದರದಲ್ಲಿ ನಿಲ್ಲಿಸಲಿ. ಆಗ ಯಾತ್ರಿಕನು ಊರಿನ ಅನ್ನವನ್ನು ಉಂಡು, ಅದರ ಬೆಲೆಯನ್ನು ಊರಿಗೇ ಕೊಟ್ಟು ಹೋದಾನು.