ಹೋಳಗಿಗೆ ವಿಮಾನ ಬ್ಯಾಡ, ರೊಟ್ಟಿಗೆ ಇರ್ಲಿ

ನಮ್ಮ ಓಣ್ಯಾಗ ಈಗ ಒಂದು ಹೊಸಾ ಪೈಪೋಟಿ ಸುರು ಆಗೇದ ನೋಡ್ರಿ. ಪರದೇಶದಾಗಿರೋ ಮಗಳಿಗೆ ಯಾರು ಎಷ್ಟು ಕಿಲೋ ಪಾರ್ಸಲ್ ಕಳಸಿದ್ರು ಅನ್ನೋದರ ಮ್ಯಾಲೆ ತಾಯಿ ಪ್ರೀತಿ ಅಳಿಯೋದು. ಮೊದಲ ಚಟ್ನಿಪುಡಿ, ಮೆಂತ್ಯಹಿಟ್ಟು, ಸಂಡಿಗಿ ಹೋಗ್ತಿದ್ವು. ಈಗ ಹೋಳಗಿ, ಕಡಬು, ಸೀಕರಣಿ ಎಲ್ಲಾ ಫ್ರೀಜರಿನ್ಯಾಗ ಗಟ್ಟಿ ಮಾಡಿ, ಥರ್ಮಾಕೋಲ್ ಡಬ್ಬ್ಯಾಗ ತುಂಬಿ ಕೊರಿಯರ್ ಮಾಡ್ತಾರ. ನಾ ಇದಕ್ಕ ವಿರುದ್ಧ ಇದ್ದೇನಿ. ಕೆಲವರಿಗೆ ಸಿಟ್ಟು ಬರಬಹುದು. ಆದ್ರ ಯಾಕ ಅಂತ ಪೂರ್ತಿ ಕೇಳ್ರಿ, ಆಮ್ಯಾಲೆ ಬೈರಿ.

ಈ ಮಾತು ಈಗ್ಯಾಕ ಬಂತಂದ್ರ, ನಮ್ಮಕ್ಕನ ಮಗಳು ಜರ್ಮನಿಯೊಳಗ ಇರ್ತಾಳ. ಆಕಿಗೆ ಈಗ ಏಳು ತಿಂಗಳು. ಕುಬಸಕ್ಕ ಇಲ್ಲಿಗೆ ಬರ್ಲಿಕ್ಕೆ ಆಗಲಿಲ್ಲ. ಆಪೂಸ್ ಹಣ್ಣಿನ ಸೀಕರಣಿ, ಹೋಳಗಿ ತಿನ್ನಬೇಕು ಅಂತ ಬಯಕಿ. ನಮ್ಮಕ್ಕ ಹಟಾ ಹಿಡದಾಳ, "ಬಸುರಿ ಬಯಕಿ ತೀರಸಲಿಲ್ಲಂದ್ರ ನಾ ಎಂಥಾ ತಾಯಿ?" ಅಂತ. ನಾ ಅಂದೆ, ಬಸುರಿ ಇದ್ದಾಳ ಅನ್ನೋ ಕಾರಣಕ್ಕೇ ಕಳಸಬ್ಯಾಡ.

ಫ್ರೋಜನ್ ಪದಾರ್ಥ ಅಂದ್ರ ಮೈನಸ್ 18 ಡಿಗ್ರಿ ತಂಪಿನ್ಯಾಗ ಇರಬೇಕು, ಹೊರಟಾಗಿಂದ ಮುಟ್ಟೋತನಕ. ಬೇಯಿಸಿದ ಅಡಗಿ 5 ಡಿಗ್ರಿ ಮತ್ತ 60 ಡಿಗ್ರಿ ನಡುವ ಭಾಳ ಹೊತ್ತು ಉಳೀತಂದ್ರ ಅದರಾಗ ರೋಗದ ಜೀವಾಣು ಬೆಳೀತಾವ. ಧಾರವಾಡದಿಂದ ಬೆಂಗಳೂರಿಗೆ ಒಂದು ರಾತ್ರಿ, ಅಲ್ಲೆ ತೂಕ, ತಪಾಸಣಿ, ಗೋದಾಮು, ವಿಮಾನದ ಬಾಜೂಕ ಬಿಸಲಾಗ ಕಾಯೋದು, ಆ ಕಡೆ ಇಳಿದ ಮ್ಯಾಲೆ ಕಸ್ಟಮ್ಸು, ಮತ್ತ ವ್ಯಾನು. ವಿಮಾನ ಹಾರೋದು ಒಂದು ಹತ್ತು ತಾಸು ಇರಬಹುದು, ಡಬ್ಬಿ ಕಾಯೋದೇ ದಿನಗಟ್ಟಲೆ. ನಡುವ ಎಲ್ಲೋ ಕರಗಿ ಮತ್ತ ಗಟ್ಟಿ ಆದ ಹೋಳಗಿ ನೋಡ್ಲಿಕ್ಕೆ ಹಂಗೇ ಇರ್ತದ. ವಾಸನಿನೂ ಬರಂಗಿಲ್ಲ. ಲಿಸ್ಟೀರಿಯಾ ಅನ್ನೋ ಜೀವಾಣು ಅಂತೂ ಫ್ರಿಜ್ಜಿನ ತಂಪಿನ್ಯಾಗೂ ಬೆಳೀತದ. ಬಸುರಿಗೆ ಅದು ತಗಲಿದ್ರ ಗರ್ಭಪಾತ ಆಗಬಹುದು, ದಿನಾ ತುಂಬೋಕಿಂತ ಮೊದಲ ಹೆರಿಗಿ ಆಗಬಹುದು. ಹೋಳಗಿ ಛಂದಂಗ ಬಿಸಿ ಮಾಡಿ ತಿನ್ನಬಹುದು ಅಂದ್ರೂ, ಸೀಕರಣಿ ಯಾರು ಕುದಸ್ತಾರ್ರೀ?

"ಡ್ರೈ ಐಸ್ ಹಾಕ್ತೇವಿ" ಅಂತಾರ. ಅದು ನೀರಿನ ಬರ್ಫ ಅಲ್ಲ, ಇಂಗಾಲದ ಡೈ ಆಕ್ಸೈಡ್ ಗಟ್ಟಿ ಮಾಡಿದ್ದು, ಮೈನಸ್ 78 ಡಿಗ್ರಿ ಇರ್ತದ. ಕರಗಿ ನೀರಾಗಂಗಿಲ್ಲ, ಸೀದಾ ಗಾಳಿ ಆಗ್ತದ. ಆ ಗಾಳಿ ಹೊರಗ ಹೋಗ್ಲಿಕ್ಕೆ ಡಬ್ಬಿಗೆ ದಾರಿ ಬೇಕು, ಇಲ್ಲಾಂದ್ರ ಡಬ್ಬಿ ಒಡೀತದ. ನಾವೋ ಟೇಪ್ ಸುತ್ತಲಿಕ್ಕೆ ಕೂತ್ರ ಇರಿವಿ ಹೋಗ್ಲಿಕ್ಕೂ ಜಾಗಾ ಬಿಡಂಗಿಲ್ಲ! ಪ್ರಯಾಣ ಮಾಡೋರು ತಮ್ಮ ಸಾಮಾನಿನ್ಯಾಗ ಒಯ್ಯೋದಾದ್ರ ಒಬ್ಬರಿಗೆ 2.5 ಕಿಲೋ ಮಿತಿ, ಅದೂ ವಿಮಾನದವರ ಒಪ್ಪಿಗಿ ಇದ್ರ ಮಾತ್ರ.

ಇನ್ನ ರೊಕ್ಕದ ಮಾತು. ಕೊರಿಯರಿನವರು ಬರೇ ತೂಕ ನೋಡಂಗಿಲ್ಲ, ಡಬ್ಬಿ ಹಿಡಿಯೋ ಜಾಗಾನೂ ನೋಡ್ತಾರ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನ್ಯಾಗ ಗುಣಸಿ, ಸಾಮಾನ್ಯ 5000ದಿಂದ ಭಾಗಿಸ್ತಾರ. 40, 30, 30ರ ಥರ್ಮಾಕೋಲ್ ಡಬ್ಬಿ ಅಂದ್ರ 7.2 ಕಿಲೋ ಆತು. ಒಳಗ ಹೋಳಗಿ 3 ಕಿಲೋ ಇದ್ರೂ ಕೊಡೋದು 7.2 ಕಿಲೋದ ರೊಕ್ಕ. ಉಳಿದದ್ದು ಥರ್ಮಾಕೋಲಿಗೆ ಕೊಟ್ಟ ಬಾಡಿಗಿ.

ಒಂದು ಮಾತು ವಿಚಾರ ಮಾಡ್ರಿ. ಫ್ರೋಜನ್ ಪದಾರ್ಥಕ್ಕ ಅವಸರ ಯಾಕ ಬೇಕು? ವ್ಯಾಪಾರಸ್ಥರು ಫ್ರೋಜನ್ ಪರಾಠಾ, ಬೆಂಡಿಕಾಯಿ ಎಲ್ಲಾ ಹೆಚ್ಚಾಗಿ ಹಡಗದಾಗ ಕಳಸ್ತಾರ. ತಂಪಿನ ಕಂಟೇನರಿನ್ಯಾಗ ವಾರಗಟ್ಟಲೆ ಹೋದ್ರೂ ಏನೂ ಆಗಂಗಿಲ್ಲ, ಯಾಕಂದ್ರ ತಂಪು ತಪ್ಪಂಗಿಲ್ಲ. ಅಲ್ಲಿಯ ಇಂಡಿಯನ್ ಅಂಗಡ್ಯಾಗ ಸಿಗೋದು ಇಂಥಾವೇ. ತಾಜಾ ಹಣ್ಣು, ಕಾಯಿಪಲ್ಯಾಕ್ಕ ಅವಸರ ಅದ, ಅವಕ್ಕ ವಿಮಾನ ಬೇಕು. ಗಟ್ಟಿ ಮಾಡಿದ ಹೋಳಗಿ ವಿಮಾನ ಹತ್ತಸೋದು ಅಂದ್ರ ಬೇಕಿಲ್ಲದ ಅವಸರಕ್ಕ ರೊಕ್ಕ ಕೊಟ್ಟಂಗ.

ಹಂಗಾರ ತಾಜಾ ಆಪೂಸ್ ಹಣ್ಣರೆ ಕಳಸೂಣ ಅಂದ್ಲು ನಮ್ಮಕ್ಕ. ಧಾರವಾಡದ ಆಪೂಸ್ ಅಂದ್ರ ನಮಗೂ ಅಭಿಮಾನ. ಆದ್ರ ಯುರೋಪಿನ್ಯಾಗ 2019ರ ಡಿಸೆಂಬರದಿಂದ ಪ್ರವಾಸಿಗಳು ಒಯ್ಯೋ ತಾಜಾ ಹಣ್ಣಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳಿಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕ ಮಾತ್ರ ಬ್ಯಾಡ. ಮಾವಿನಹಣ್ಣು ಆ ಪಟ್ಟಿಯೊಳಗಿಲ್ಲ, ಹಸೀ ಕರಿಬೇವಿಗೂ ಕಾಗದ ಬೇಕು. ಇದು ಸುಮ್ಮಸುಮ್ಮನ ಕಿರಿಕಿರಿ ಅಲ್ಲ. ಹಣ್ಣಿನ ನೊಣ ಸಿಕ್ತು ಅಂತ 2014ರ ಮೇ ತಿಂಗಳಿಂದ ಯುರೋಪಿನವರು ನಮ್ಮ ಮಾವು, ಹಾಗಲಕಾಯಿ, ಬದನಿಕಾಯಿ ಎಲ್ಲಾ ಬಂದ್ ಮಾಡಿದ್ರು. ಮಾವಿಗೆ ಬಾಗಲಾ ತೆಗದದ್ದು 2015ರಾಗ.

ಅಮೆರಿಕದ್ದಂತೂ ಇನ್ನೂ ಬಿಗಿ. 18 ವರ್ಷ ಬಂದ್ ಇದ್ದ ನಮ್ಮ ಮಾವು ಅಲ್ಲೆ ಮತ್ತ ಹೋಗಿದ್ದು 2007ರಾಗ, ಅದೂ ಗೊರಟದೊಳಗಿನ ಹುಳಾ ಉಳೀಬಾರದು ಅಂತ ವಿಕಿರಣ ಕೊಟ್ಟ ಮ್ಯಾಲೆ. 2025ರ ಮೇ ತಿಂಗಳದಾಗ ಆ ವಿಕಿರಣದ ಕಾಗದಪತ್ರದಾಗ ದೋಷ ಅದ ಅಂತ ವಿಮಾನದಾಗ ಹೋದ 15 ಖೇಪು ಮಾವು ತಡದ್ರು. ವಾಪಸ್ ತರೋ ಖರ್ಚು ತಾಳಂಗಿಲ್ಲ ಅಂತ ಅಲ್ಲೇ ನಾಶ ಮಾಡಿಸಿದ್ರು. ದೊಡ್ಡ ವ್ಯಾಪಾರಸ್ಥರ ಪಾಡೇ ಹಿಂಗಾದ್ರ, ಸೀರಿಯೊಳಗ ಸುತ್ತಿ ನಾಕು ಹಣ್ಣು ಮುಚ್ಚಿಡೋ ನಾವು ಯಾವ ಲೆಕ್ಕ? ಸಿಕ್ಕಿಬಿದ್ರ ಹಣ್ಣು ಕಸದಬುಟ್ಟಿಗೆ, ದಂಡ ಒಯ್ದವರ ತಲೀಗೆ.

ಹಂಗಾರ ಏನೂ ಕಳಸಬಾರದು ಅಂತಲ್ಲ. ವಿಮಾನಕ್ಕ ತಕ್ಕಂಥಾ ಅಡಗಿ ನಮ್ಮಲ್ಲೆ ಮೊದಲಿಂದನ ಅದ. ಕಡಕ್ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬುತ್ತಿ ಕಟಗೊಂಡು ಜನ ಚಕ್ಕಡ್ಯಾಗ ಸವದತ್ತಿ ಎಲ್ಲಮ್ಮನ ಜಾತ್ರಿಗೆ ಹೋಗ್ತಿದ್ರು. ನೀರಿನಂಶ ಇಲ್ಲಾಂದ್ರ ಕೆಡೋದೂ ಇಲ್ಲ, ಬರ್ಫನೂ ಬ್ಯಾಡ. ಆದ್ರ ಒಣಾ ಕೊಬ್ಬರಿ ಬಟ್ಟಲಾ ಹಾಕಬ್ಯಾಡ್ರಿ. ಅದರಾಗ ಎಣ್ಣಿ ಇರೋದರಿಂದ ತಾನೇ ಕಾದು ಬೆಂಕಿ ಹತ್ತಬಹುದು ಅಂತ ವಿಮಾನದಾಗ ಬಿಡಂಗಿಲ್ಲ. ಹಾಲಿನ ಪದಾರ್ಥ ಯುರೋಪಿನ್ಯಾಗ ಒಯ್ಯಲಿಕ್ಕೆ ಬಂದಿ ಅದ, ಪೇಢೆ ಕಟ್ಟೋ ಮೊದಲ ವಿಚಾರಸ್ರಿ. ಏನೇ ಒಯ್ದ್ರೂ ಕೇಳಿದಾಗ ಖರೆ ಹೇಳ್ರಿ.

ಸೀಕರಣಿಗೆ ಆಪೂಸ್ ರಸದ ಡಬ್ಬಿ ಇಂಡಿಯನ್ ಅಂಗಡ್ಯಾಗ ಸಿಗ್ತದ. ಅಲ್ಲಿಯ ಹಾಲು, ಒಂದೀಟು ಯಾಲಕ್ಕಿ, ಮುಗೀತು. ಬಯಕಿ ಇವತ್ತೇ ತೀರ್ತದ. ಹೋಳಗಿಗೆ ಕಡ್ಲಿಬ್ಯಾಳಿ, ಬೆಲ್ಲ, ಮೈದಾ ಅಲ್ಲೂ ಅವ, ಮಾಡೋ ಕೈ ಇಲ್ಲ ಅಷ್ಟ. ಅದಕ್ಕ ನಾ ನಮ್ಮಕ್ಕಗ ಹೇಳೇನಿ: ಈ ಪಾರ್ಸಲ್ ರೊಕ್ಕ ಎಲ್ಲಾ ಕೂಡಿಸಿ ಬಾಣಂತನಕ್ಕ ನೀ ಹೋಗೋ ಟಿಕೀಟಿಗೆ ಹಾಕು, ವೀಸಾಕ್ಕ ಈಗಲೇ ಅರ್ಜಿ ಕೊಡು, ಹೋಗಿ ಮಗಳಿಗೆ ಬಿಸಿ ಹೋಳಗಿ ಮಾಡಿ ಬಡಸು. ಆಕಿ ಇನ್ನೂ ಮಾರಿ ಉಬ್ಬಿಸಿಕೊಂಡು ಕೂತಾಳ. ನಿಮ್ಮ ಪೈಕಿ ಯಾರರೆ ಆಕಿಗೆ ಒಂದು ಮಾತು ಹೇಳಿದ್ರ ಉಪಕಾರ ಆಗ್ತದ.