ಮಂಜುಗಡ್ಡೆಯ ಮೇಲಣ ಮುಷ್ಟಿಯುದ್ಧ

೨೦೨೫ನೆಯ ಇಸವಿ ಫೆಬ್ರವರಿ ೧೫ನೆಯ ದಿವಸ ಕೆನಡಾ ದೇಶದ ಮಾಂಟ್ರಿಯಲ್ ಪಟ್ಟಣದಲ್ಲಿ ಕೆನಡಾ ಮತ್ತು ಅಮೆರಿಕಾ ದೇಶಗಳ ತಂಡಗಳು ಐಸ್ ಹಾಕಿ ಪಂದ್ಯವನ್ನಾಡಲು ಎದುರುಬದುರಾಗಿ ನಿಂತುವು. ಆಟವು ಮೊದಲಾಗಿ ಒಂಬತ್ತು ಸೆಕೆಂಡುಗಳು ಕಳೆಯುವಷ್ಟರೊಳಗೆ ಮೂರು ಜೊತೆ ಆಟಗಾರರು, ಒಂದು ಜೊತೆಯ ಹಿಂದೆ ಇನ್ನೊಂದು ಜೊತೆಯವರಾಗಿ, ಕೈಗವಸುಗಳನ್ನು ಕಿತ್ತೆಸೆದು ಮುಷ್ಟಿಗಳಿಂದ ಬಡಿದಾಡಿದರು. ಅಮೆರಿಕಾ ಪಕ್ಷದಿಂದ ಕಾದಿದ ಮೂವರಲ್ಲಿ ಇಬ್ಬರು ಒಡಹುಟ್ಟಿದ ಅಣ್ಣತಮ್ಮಂದಿರು. ಪ್ರೇಕ್ಷಕರು ಎದ್ದು ನಿಂತು ಆರ್ಭಟಿಸಿದರು. ಬಡಿದಾಡಿದವರು ಶಿಕ್ಷೆಯ ಕಟಕಟೆಯೊಳಗೆ ಐದೈದು ನಿಮಿಷ ಕುಳಿತಿದ್ದು, ಏನೂ ನಡೆಯಲಿಲ್ಲವೆಂಬಂತೆ ಮರಳಿ ಬಂದು ಆಡಿದರು. ಅಮೆರಿಕಾ ತಂಡವು ಮೂರು ಗೋಲುಗಳಿಗೆ ಒಂದರಂತೆ ಗೆದ್ದಿತು.

ಇಂತಹ ದೃಶ್ಯವನ್ನು ಟೆಲಿವಿಷನ್ನಿನಲ್ಲಿ ಕಂಡ ಗೃಹಸ್ಥರು "ಇದೇನು ಆಟವೋ ಬೀದಿಯ ಜಗಳವೋ?" ಎಂದು ಕೇಳುವುದು ಸಹಜವೇ ಆಗಿದೆ. ಮಕ್ಕಳು ಪಕ್ಕದಲ್ಲಿ ಕುಳಿತಿದ್ದರಂತೂ ಉತ್ತರ ಹೇಳುವುದು ಇನ್ನೂ ಕಷ್ಟ. ಕೈಮಾಡುವುದು ತಪ್ಪೆಂದು ಮನೆಯಲ್ಲಿ ನಾವು ನಿತ್ಯವೂ ಬೋಧಿಸುತ್ತಿರುವಲ್ಲಿ, ಸಾವಿರಾರು ಜನರ ಮುಂದೆ, ತೀರ್ಪುಗಾರರ ಕಣ್ಣೆದುರಿಗೇ, ಹೆಸರಾಂತ ಆಟಗಾರರು ಕೈಮಾಡುವುದೇಕೆ? ಈ ತಿಂಗಳು ಇದನ್ನೇ ಕೊಂಚ ವಿಚಾರಿಸೋಣ.

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. ನಮ್ಮವರು ಬಲ್ಲ ಹುಲ್ಲುಬಯಲಿನ ಹಾಕಿಯೇ ಬೇರೆ, ಇದೇ ಬೇರೆ. ಸೂರಿನ ಕೆಳಗಿನ ಕಟ್ಟಡದಲ್ಲಿ ಈ ಆಟದ ಮೊದಲ ವ್ಯವಸ್ಥಿತ ಪಂದ್ಯವು ಇದೇ ಮಾಂಟ್ರಿಯಲ್ಲಿನಲ್ಲಿ ೧೮೭೫ನೆಯ ಮಾರ್ಚಿ ೩ರಂದು ನಡೆಯಿತು. ಉತ್ತರ ಅಮೆರಿಕದಲ್ಲಿ ಇದರ ಅಂಗಳವು ೨೦೦ ಅಡಿ ಉದ್ದ, ೮೫ ಅಡಿ ಅಗಲವುಳ್ಳದ್ದು. ನೆಲವೆಲ್ಲ ಮಂಜುಗಡ್ಡೆ, ಸುತ್ತಲೂ ಹಲಗೆಯ ಗೋಡೆ. ಪಕ್ಷಕ್ಕೆ ಆರಾರು ಮಂದಿಯಂತೆ ಆಟಗಾರರು ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆ ಕಟ್ಟಿ, ಕೈಯಲ್ಲಿ ಕೋಲು ಹಿಡಿದು, ಗಂಟೆಗೆ ಇಪ್ಪತ್ತು ಮೈಲಿಗೂ ಮಿಕ್ಕ ವೇಗದಿಂದ ಜಾರುತ್ತಾರೆ. ಅವರು ಅಟ್ಟಿಸಿಕೊಂಡು ಹೋಗುವುದು ಚೆಂಡನ್ನಲ್ಲ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪವಿರುವ ಗಡುಸಾದ ರಬ್ಬರಿನ ಬಿಲ್ಲೆಯನ್ನು. ಎದುರಾಳಿಯನ್ನು ಮೈಯಿಂದ ಢಿಕ್ಕಿ ಹೊಡೆದು ಕೆಡಹುವುದು ಇಲ್ಲಿ ನ್ಯಾಯಸಮ್ಮತವಾದ ಕೌಶಲವೇ ಆಗಿದೆ. ಓಡಿ ತಪ್ಪಿಸಿಕೊಳ್ಳೋಣವೆಂದರೆ ಬಯಲಿಲ್ಲ, ಗೋಡೆಯಿದೆ. ಇಂತಹ ಕಡೆ ಮೈಬಿಸಿಯೇರುವುದರಲ್ಲಿ ಆಶ್ಚರ್ಯವೇನು?

ಆದರೆ ಬರಿಯ ಕೋಪವೇ ಕಾರಣವೆಂದರೆ ವಿಷಯವು ಪೂರ್ತಿಯಾಗಿ ತಿಳಿದಂತಾಗದು. ಏಕೆಂದರೆ ಕೋಪಗೊಂಡವನು ಕೈಗೆ ಸಿಕ್ಕಿದುದರಿಂದ ಹೊಡೆಯುತ್ತಾನೆ. ಇವರಾದರೋ ಕೈಯಲ್ಲಿರುವ ಕೋಲನ್ನು ಕೆಳಗೆಸೆದು ಅನಂತರ ಹೊಡೆಯುತ್ತಾರೆ! ಎಷ್ಟೋ ವೇಳೆ "ಬರುವೆಯಾ?" ಎಂದು ಒಬ್ಬನು ಕೇಳಿ, ಇನ್ನೊಬ್ಬನು ಒಪ್ಪಿದ ಮೇಲೆಯೇ ಕಾಳಗವು ತೊಡಗುತ್ತದೆ. ಬಿದ್ದವನನ್ನು ಹೊಡೆಯಬಾರದು, ಒಲ್ಲದವನ ಮೇಲೆ ಬೀಳಬಾರದು, ಬಲಶಾಲಿಯು ತನಗೆ ಸಮನಾದವನನ್ನೇ ಆರಿಸಿಕೊಳ್ಳಬೇಕು ಎಂಬೀ ಬಗೆಯ ಅಲಿಖಿತ ಕಟ್ಟಳೆಗಳು ಅವರಲ್ಲಿವೆ. ಗೆರೆಯ ತೀರ್ಪುಗಾರರಿಬ್ಬರೂ ಹತ್ತಿರದಲ್ಲಿಯೇ ನಿಂತು, ಒಬ್ಬನು ಬೀಳುವ ತನಕ ಕಾದಿದ್ದು ಬಿಡಿಸುವುದುಂಟು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕವೆಂದು ನಮ್ಮ ಗಾದೆ. ಇವರ ಜಗಳವು ಕಟಕಟೆಯ ಐದು ನಿಮಿಷ ಮುಗಿಯುವ ತನಕ. ಇದು ಸಿಟ್ಟಿನ ಲಕ್ಷಣವಲ್ಲ, ರೂಢಿಯ ಲಕ್ಷಣ.

ಈ ರೂಢಿಯು ಬೆಳೆದುದು ಹೇಗೆ? ಆಟದ ವೇಗದಲ್ಲಿ ಕೋಲಿನಿಂದ ಮಣಿಕಟ್ಟಿಗೆ ಪೆಟ್ಟು ಕೊಡುವುದು, ಮೊಣಕೈಯಿಂದ ಮುಖಕ್ಕೆ ತಿವಿಯುವುದು ಮೊದಲಾದ ಕಳ್ಳಪೆಟ್ಟುಗಳೆಲ್ಲ ತೀರ್ಪುಗಾರರ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ತಂಡಗಳು ತಮ್ಮ ನ್ಯಾಯವನ್ನು ತಾವೇ ನೋಡಿಕೊಳ್ಳತೊಡಗಿದುವು. ಚತುರನಾದ ಆಟಗಾರನನ್ನು ಯಾರಾದರೂ ನೋಯಿಸಿದರೆ, ಆ ಲೆಕ್ಕವನ್ನು ತೀರಿಸುವುದಕ್ಕೆಂದೇ ತಂಡದಲ್ಲಿ ಒಬ್ಬ ಭಟನಿರುತ್ತಿದ್ದನು. ಈ ಆಟದ ಅತ್ಯಂತ ಪ್ರಸಿದ್ಧ ಪುರುಷನಾದ ವೇಯ್ನ್ ಗ್ರೆಟ್ಜ್‌ಕಿಗೆ ಎಡ್ಮಂಟನ್ ತಂಡದಲ್ಲಿ ಡೇವ್ ಸೆಮೆಂಕೊ ಎಂಬವನು ಕಾವಲಿಗನಾಗಿದ್ದನು. ೧೯೮೮ರಲ್ಲಿ ಗ್ರೆಟ್ಜ್‌ಕಿಯು ಲಾಸ್ ಏಂಜಲೀಸಿನ ತಂಡಕ್ಕೆ ಹೋದಾಗ ಮಾರ್ಟಿ ಮೆಕ್‌ಸೋರ್ಲಿ ಎಂಬ ಮತ್ತೊಬ್ಬ ಕಾವಲಿಗನೂ ಜೊತೆಯಲ್ಲಿಯೇ ಹೋದನು. ಕೆಲವು ತಂಡಗಳಿಗೆ ಇದು ಕಾವಲಷ್ಟೇ ಆಗಿ ಉಳಿಯಲಿಲ್ಲ. ಬೆದರಿಕೆಯನ್ನೇ ಬಂಡವಾಳವನ್ನಾಗಿ ಮಾಡಿಕೊಂಡ ಫಿಲಡೆಲ್ಫಿಯಾ ತಂಡದವರು ೧೯೭೪ ಮತ್ತು ೧೯೭೫ರಲ್ಲಿ ಸ್ಟ್ಯಾನ್ಲಿ ಕಪ್ಪನ್ನು ಗೆದ್ದರು. ಅವರಲ್ಲೊಬ್ಬನಾದ ಡೇವ್ ಷುಲ್ಟ್ಸ್ ಎಂಬವನು ಒಂದೇ ಋತುವಿನಲ್ಲಿ ಗಳಿಸಿದ ಶಿಕ್ಷೆಯ ನಿಮಿಷಗಳು ೪೭೨.

ಇನ್ನು ಕಾನೂನಿನ ಮಾತು. ೧೯೧೭ರಲ್ಲಿ ಸ್ಥಾಪಿತವಾದ ನ್ಯಾಷನಲ್ ಹಾಕಿ ಲೀಗ್ ಎಂಬ ಸಂಸ್ಥೆಯು ೧೯೨೨ರಲ್ಲಿ ಮುಷ್ಟಿಯುದ್ಧಕ್ಕೆ ಐದು ನಿಮಿಷಗಳ ಶಿಕ್ಷೆಯನ್ನು ನಿಯಮಿಸಿತು. ಇಲ್ಲಿಯೇ ಸೂಕ್ಷ್ಮವಿದೆ. ಅನ್ಯ ಕ್ರೀಡೆಗಳಲ್ಲಿ ಕೈಮಾಡಿದವನನ್ನು ಅಂಗಳದಿಂದಲೇ ಹೊರಗಟ್ಟುವರು; ಇಲ್ಲಿಯಾದರೆ ಐದು ನಿಮಿಷ ಕೂರಿಸುವರು. ಅದೂ ಇಬ್ಬರಿಗೂ ಸಮನಾಗಿ ಶಿಕ್ಷೆಯಾಗುವುದರಿಂದ ಯಾವ ಪಕ್ಷಕ್ಕೂ ಆಳಿನ ಕೊರತೆಯಿಲ್ಲ. ಹೀಗೆ ನಿಷೇಧಿಸಬೇಕಾದುದಕ್ಕೆ ಬೆಲೆಯೊಂದನ್ನು ಕಟ್ಟಿದಂತಾಯಿತು. ಬೆಲೆ ತೆರಬಲ್ಲವರು ಕೊಂಡರು. ಹಾಗೆಂದು ಸಂಸ್ಥೆಯು ಕೈಕಟ್ಟಿ ಕುಳಿತಿತೆಂದಲ್ಲ. ಇಬ್ಬರ ಜಗಳದಲ್ಲಿ ಮೂರನೆಯವನು ನುಗ್ಗಿದರೆ ಅವನಿಗೆ ಬಹಿಷ್ಕಾರ. ಜಗಳವನ್ನು ಕೆಣಕಿ ತಂದವನಿಗೆ ಅಧಿಕ ಶಿಕ್ಷೆ. ಹೊಡೆದಾಟಕ್ಕಾಗಿ ಬೆಂಚನ್ನು ಬಿಟ್ಟು ಮೊದಲು ಧುಮುಕಿದವನಿಗೆ ೧೯೮೭ರಿಂದ ಹತ್ತು ಪಂದ್ಯಗಳ ನಿಷೇಧ. ಇದರಿಂದ ತಂಡಕ್ಕೆ ತಂಡವೇ ಹೊಡೆದಾಡುವ ಗಲಭೆಗಳು ಅಡಗಿದುವು. ಇಬ್ಬರ ಕಾಳಗವು ಮಾತ್ರ ಉಳಿಯಿತು.

ಪ್ರೇಕ್ಷಕರನ್ನೂ ಇಲ್ಲಿ ಮರೆಯಲಾಗದು. ಗೋಲು ಬಿದ್ದಾಗ ಎದ್ದು ನಿಲ್ಲುವ ಜನರೇ ಮುಷ್ಟಿಯೆದ್ದಾಗಲೂ ಎದ್ದು ನಿಲ್ಲುತ್ತಾರೆ. ಹಣ ಕೊಟ್ಟು ನೋಡುವವರು ಮೆಚ್ಚುವುದನ್ನು ಹಣ ಪಡೆದು ಆಡಿಸುವವರು ಬೇಗನೆ ಬಿಡಲೊಲ್ಲರು.

ಆದರೆ ಆ ಐದು ನಿಮಿಷವೇ ಪೂರ್ತಿಯಾದ ಬೆಲೆಯಲ್ಲವೆಂಬುದು ಈಚೆಗೆ ತಿಳಿದುಬಂದಿದೆ. ೨೦೦೮ರ ಡಿಸೆಂಬರಿನಲ್ಲಿ ಕೆನಡಾದ ಒಂದು ಸಣ್ಣ ಲೀಗಿನ ಪಂದ್ಯದಲ್ಲಿ ಡಾನ್ ಸ್ಯಾಂಡರ್ಸನ್ ಎಂಬ ಇಪ್ಪತ್ತೊಂದು ವರ್ಷದ ಯುವಕನು ಹೊಡೆದಾಟದ ನಡುವೆ ಶಿರಸ್ತ್ರಾಣ ಕಳಚಿ ಬಿದ್ದನು. ತಲೆಯು ಮಂಜುಗಡ್ಡೆಗೆ ಬಡಿಯಿತು. ಕೆಲವು ವಾರಗಳಲ್ಲಿ, ೨೦೦೯ನೆಯ ಜನವರಿ ೨ರಂದು, ತೀರಿಕೊಂಡನು. ಡೆರಿಕ್ ಬೂಗಾರ್ಡ್ ಎಂಬವನು ಆರೂವರೆ ಅಡಿಗೂ ಮೀರಿದ ಆಜಾನುಬಾಹು. ಮಿನ್ನೆಸೋಟಾ ಮತ್ತು ನ್ಯೂಯಾರ್ಕ್ ತಂಡಗಳ ಪರವಾಗಿ ಆತನು ಲೀಗಿನಲ್ಲಿ ಆಡಿದ ಪಂದ್ಯಗಳು ೨೭೭. ಹೊಡೆದ ಗೋಲುಗಳು ಮೂರೇ ಮೂರು. ಅವನನ್ನು ಇಟ್ಟುಕೊಂಡುದು ಗೋಲಿಗಾಗಿ ಅಲ್ಲವೆಂದು ಬೇರೆ ಹೇಳಬೇಕೆ? ೨೦೧೦ರ ಡಿಸೆಂಬರಿನಲ್ಲಿ ಒಂದು ಕಾಳಗದಲ್ಲಿ ತಲೆಗೆ ಪೆಟ್ಟು ತಗಲಿದ ಮೇಲೆ ಅವನು ಮತ್ತೆ ಆಡಲಿಲ್ಲ. ನೋವು ಮರೆಯಿಸುವ ಗುಳಿಗೆ ಮತ್ತು ಮದ್ಯಗಳು ಒಂದುಗೂಡಿ ೨೦೧೧ನೆಯ ಮೇ ತಿಂಗಳಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆತನ ಪ್ರಾಣವನ್ನು ಕೊಂಡೊಯ್ದುವು. ಮನೆಯವರು ಆತನ ಮೆದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಒಪ್ಪಿಸಿದರು. ಮೇಲಿಂದ ಮೇಲೆ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ, ಮೆದುಳು ಕ್ರಮೇಣ ಕ್ಷಯಿಸುವ ರೋಗವು ಅದರಲ್ಲಿ ಕಂಡುಬಂದಿತು. ಇದೇ ವೃತ್ತಿಯಲ್ಲಿ ಹೆಸರಾಗಿ ನಾಲ್ವತ್ತೈದನೆಯ ವಯಸ್ಸಿಗೆ ಗತಿಸಿದ ಬಾಬ್ ಪ್ರೋಬರ್ಟ್ ಎಂಬವನ ಮೆದುಳಿನಲ್ಲಿಯೂ ಇದೇ ರೋಗವಿದ್ದಿತು. ಸಾವಿರಾರು ಜನರ ಕರತಾಡನವು ಒಂದು ನಿಮಿಷದ್ದು. ಮಗನನ್ನು ಕಳೆದುಕೊಂಡ ಮನೆಯ ದುಃಖವು ಅಷ್ಟರಲ್ಲಿ ತೀರುವುದೆ?

"ಮುಷ್ಟಿಯನ್ನು ತಡೆದರೆ ಆಟಗಾರರು ಕೋಲನ್ನೆತ್ತುವರು, ಕುದಿಯುವ ಪಾತ್ರೆಗೆ ಹಬೆ ಹೋಗಲು ದಾರಿ ಬೇಡವೆ?" ಎಂದು ಈ ರೂಢಿಯ ಪಕ್ಷಪಾತಿಗಳು ಆಕ್ಷೇಪಿಸುವುದುಂಟು. ಆಟದ ಅನುಭವವುಳ್ಳವರು ಆಡುವ ಮಾತಾದುದರಿಂದ ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಒಲಿಂಪಿಕ್ ಪಂದ್ಯಗಳನ್ನು ನೋಡಿರಿ. ಅದೇ ಮಂಜುಗಡ್ಡೆ, ಅದೇ ಕೋಲು, ಅನೇಕ ವೇಳೆ ಅವರೇ ಆಟಗಾರರು. ಪಂದ್ಯದ ಬಿಸಿಯೂ ಕಡಮೆಯದಲ್ಲ. ಅಲ್ಲಿ ಮುಷ್ಟಿಯುದ್ಧವು ಬಲು ಅಪೂರ್ವ. ಕಾರಣವಿಷ್ಟೆ: ಅಲ್ಲಿ ಕೈಮಾಡಿದವನು ಆ ಪಂದ್ಯದಿಂದಲೇ ಹೊರಗಾಗುವನು. ಕ್ವಿಬೆಕ್ ಪ್ರಾಂತದ ಕಿರಿಯರ ಲೀಗಿನವರೂ ೨೦೨೩ರಲ್ಲಿ ಇದೇ ನಿಯಮವನ್ನು ತಂದರು. ದೊಡ್ಡ ಲೀಗಿನಲ್ಲಿಯೂ ಕಾಲವು ಬದಲಾಗುತ್ತಿದೆ. ೨೦೦೫ರ ಬಳಿಕ ಆಟದ ವೇಗವು ಹೆಚ್ಚಿ, ಜಾರಲಾರದ ಭಟನಿಗೆ ತಂಡದಲ್ಲಿ ಸ್ಥಳವು ಕಿರಿದಾಯಿತು. ೨೦೦೮–೦೯ರ ಋತುವಿನ ೧೨೩೦ ಪಂದ್ಯಗಳಲ್ಲಿ ಏಳುನೂರಕ್ಕೂ ಹೆಚ್ಚು ಕಾಳಗಗಳಾಗಿದ್ದುವು. ಈಚಿನ ಋತುಗಳಲ್ಲಿ ಅದರ ಅರ್ಧದಷ್ಟೂ ಆಗುತ್ತಿಲ್ಲ. ಅದರಿಂದ ಆಟದ ಕಳೆಗುಂದಿತೆಂದು ಹೇಳುವಂತಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಈ ಆಟಗಾರರು ಬಡಿದಾಡುವುದು ಅವರು ಕ್ರೂರಿಗಳಾದುದರಿಂದಲ್ಲ. ನ್ಯಾಯ ನೋಡಬೇಕಾದವರು ಪೂರ್ತಿಯಾಗಿ ನೋಡಲಾರದೆ ಹೋದರು. ಆ ಭಾರವನ್ನು ಬಲಿಷ್ಠರಾದ ಹುಡುಗರ ಮುಷ್ಟಿಗಳು ಹೊತ್ತುವು. ಕಾನೂನು ಅದಕ್ಕೆ ಅಗ್ಗದ ಬೆಲೆ ಕಟ್ಟಿತು. ಜನರು ಚಪ್ಪಾಳೆ ತಟ್ಟಿದರು. ಈ ನಾಲ್ಕೂ ಕೂಡಿದಲ್ಲಿ ಎಲ್ಲಿಯಾದರೂ ಹೀಗೆಯೇ ಆದೀತು. ಮನೆಯಲ್ಲಿಯೂ ಇದೇ ನ್ಯಾಯ ಸಲ್ಲುವುದು. ಮಕ್ಕಳ ಜಗಳದಲ್ಲಿ ಹಿರಿಯರು ವಿಚಾರಿಸದೆ ಬಿಟ್ಟರೆ ದೊಡ್ಡವನ ಕೈಯೇ ತೀರ್ಪಾಗುತ್ತದೆ. ಗದರಿದಂತೆ ಮಾಡಿ ಒಳಗೊಳಗೆ ನಕ್ಕರೆ ಅದೇ ಅವನಿಗೆ ಅನುಮತಿಯಾಗುತ್ತದೆ. ಆದುದರಿಂದ ಆ ಪಂದ್ಯವನ್ನು ನೋಡುವಾಗ ಪಕ್ಕದಲ್ಲಿರುವ ಮಗುವು "ಇವರೇಕೆ ಹೊಡೆದಾಡುತ್ತಾರೆ?" ಎಂದು ಕೇಳಿದರೆ, "ಬೇಡವೆಂದು ಗಟ್ಟಿಯಾಗಿ ಹೇಳಬೇಕಾದವರು ಮೆಲ್ಲಗೆ ಹೇಳಿದುದರಿಂದ" ಎಂದು ಉತ್ತರ ಕೊಡಬಹುದು. ಆ ಉತ್ತರವನ್ನು ಮಗುವಿನೊಡನೆ ನಾವೂ ಕೇಳಿಸಿಕೊಂಡರೆ ಒಳ್ಳೆಯದು.