ಗೆಳತಿಯ ತಿನಿಸಿಗೆ ತಕ್ಕ ಬೆಲೆ

ಗುಂಡ್ಲುಪೇಟೆಯ ನಮ್ಮ ಗೆಳತಿಯೊಬ್ಬರು ಮನೆಯಲ್ಲಿಯೇ ರಾಗಿ ಬಿಸ್ಕತ್ತು ತಯಾರಿಸಿ ಮಾರುತ್ತಾರೆ. ಕಳೆದ ದೀಪಾವಳಿಗೆ ಮುನ್ನ ಚಾಮರಾಜನಗರದ ನಮ್ಮ ಕಚೇರಿಯಲ್ಲಿ, ಊಟದ ವಿರಾಮದ ವೇಳೆ ಮಾರಾಟಕ್ಕೆಂದು ಅವರಿಗೊಂದು ಮೇಜು ದೊರೆಯಿತು. ‘ನಮ್ಮವರೇ ಅಲ್ಲವೇ, ಸ್ವಲ್ಪ ಕಡಿಮೆ ಮಾಡಿ’ ಎಂದವರೂ ‘ಸಂಬಳವಾದ ಮೇಲೆ ಕೊಡುತ್ತೇವೆ’ ಎಂದವರೂ ಹಲವರು.

ಸ್ನೇಹದಲ್ಲಿ ಸಲುಗೆ ಸಹಜ. ಆದರೆ ಬೆಣ್ಣೆ, ಬೆಲ್ಲ, ಗ್ಯಾಸು, ಬಸ್ಸಿನ ಖರ್ಚುಗಳನ್ನು ಕಳೆದು ಉಳಿಯುವುದೇ ಅವರ ಕೂಲಿ. ನಾವು ಕೇಳುವ ರಿಯಾಯಿತಿಯು ಆ ಕೂಲಿಯಿಂದಲೇ ಹೋಗುತ್ತದೆ. ದೊಡ್ಡ ಬೇಕರಿಯಲ್ಲಿ ಚೌಕಾಸಿ ಮಾಡದ ನಾವು ಗೆಳತಿಯ ಮುಂದೆ ಮಾಡುವುದು ನ್ಯಾಯವೇ?

ನಿಜವಾಗಿ ನೆರವಾಗುವ ದಾರಿಗಳು ಬೇರೆಯಿವೆ. ಬೇಕಾದಷ್ಟನ್ನು ಮೊದಲೇ ತಿಳಿಸಿ ಮುಂಗಡ ಕೊಟ್ಟರೆ ಸರಕು ಉಳಿದು ಕೆಡುವ ಭಯವಿರದು. ರುಚಿಯಲ್ಲಿ ಕೊರತೆಯಿದ್ದರೆ ಅವರಿಗೇ ಹೇಳೋಣ. ಮೆಚ್ಚಿಗೆಯಾದರೆ ನಾಲ್ಕು ಜನರಿಗೆ ಹೇಳೋಣ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ಮನೆಯಲ್ಲಿ ತಿನಿಸು ತಯಾರಿಸಿ ಮಾರುವವರೂ ನೋಂದಾಯಿಸಿಕೊಳ್ಳಬೇಕು. ಪೊಟ್ಟಣದ ಮೇಲೆ ಬಳಸಿದ ಪದಾರ್ಥಗಳು, ತಯಾರಿಕೆಯ ದಿನಾಂಕ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಕಚೇರಿಯ ಕಾಗದಪತ್ರಗಳಲ್ಲಿ ಪಳಗಿದ ನಾವು ಅರ್ಜಿ ತುಂಬಿಕೊಟ್ಟರೂ ದೊಡ್ಡ ಉಪಕಾರವೇ.

ಕಾಯಕವನ್ನು ಬಾಯಲ್ಲಿ ಹೊಗಳಿ ಬೆಲೆಯಲ್ಲಿ ಕಡಿಯುವುದು ನಮಗೆ ಒಪ್ಪುವುದಿಲ್ಲ. ಈ ಹಬ್ಬಕ್ಕೆ ಒಂದು ಪೊಟ್ಟಣವನ್ನಾದರೂ ಪೂರ್ಣ ಬೆಲೆಗೆ, ಕೈಮೇಲೆ ಹಣ ಕೊಟ್ಟು ಕೊಳ್ಳೋಣ.